ಘಟಸರ್ಪಕ್ಕೆ ಬಣ್ಣ ಹಚ್ಚಿದ್ದು

ಹೆದರಿಕೆಯಾದಾಗ ನಾನು ಇನ್ನಷ್ಟು ಜೋರಾಗಿ ವಾದ ಮಾಡುತ್ತೇನೆ. ಈ ಗುಟ್ಟು ನಿಮಗೆ ಮಾತ್ರ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಬಹುಮಾನಗಳ ಹಿಂದೆ ಎಷ್ಟು ಪುಕ್ಕಲುತನವಿದೆಯೆಂದು ತೀರ್ಪುಗಾರರಿಗೆ ತಿಳಿದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.

ಕಳೆದ ತಿಂಗಳು ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಕೊಪ್ಪದ ಡಾಕ್ಟರು ಸೂಜಿ ಚುಚ್ಚಿ, ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ, ನಾಲ್ಕು ದಿನ ಬಿಟ್ಟು ಫೋನ್ ಮಾಡುತ್ತೇವೆ ಎಂದರು. ನಾಲ್ಕು ದಿನ! ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸುಮ್ಮನೆ ಕೂತರೆ ಕೈ ಕುತ್ತಿಗೆಗೇ ಹೋಗುತ್ತಿತ್ತು. ಹಾಗಾಗಿ ನಾಲ್ಕನೆಯ ದಿನ ಮಲಯಾಳಿ ಗೆಳೆಯ ಸಾಬು ಕರೆದದ್ದೇ ತಡ, ಶೆಟ್ಟಿಕೊಪ್ಪದ ಹತ್ತಿರದ ಅವರ ಚರ್ಚಿಗೆ ಹೋದೆ.

ಹಬ್ಬಕ್ಕೆ ಮೊದಲು ಅಲ್ಲಿ ಊರವರೇ ಸೇರಿ ಮಿಕಾಯೇಲನ ಪ್ರತಿಮೆಗೆ ಬಣ್ಣ ಹಚ್ಚುತ್ತಾರೆ. ರೆಕ್ಕೆಯ ದೇವದೂತ, ಕೈಯಲ್ಲಿ ಈಟಿ, ಕಾಲಡಿ ಘಟಸರ್ಪ; ಕೆಡುಕಿನ ಮೇಲೆ ಕೊನೆಯ ಗೆಲುವಿನ ಗುರುತು. ರೆಕ್ಕೆಗೆ ಬಣ್ಣ ಹಚ್ಚಲು ನೂಕುನುಗ್ಗಲು. ಘಟಸರ್ಪವನ್ನು ಮಾತ್ರ ಪ್ರತಿವರ್ಷ ಸಿಕ್ಕಿದವರ ತಲೆಗೆ ಕಟ್ಟುತ್ತಾರೆ.

"ದೇವರಿಲ್ಲ ಅನ್ನೋನಿಗೆ ಅದೇ ಸರಿ ಮಾರಾಯ," ಎಂದು ಸಾಬು ನನ್ನ ಕೈಗೆ ಬ್ರಶ್ ಕೊಟ್ಟ.

ಅವನ ತಾಯಿ ಏಲಿಯಮ್ಮ ಪಕ್ಕದಲ್ಲಿ ಕೂತು ದೇವದೂತನ ಚಪ್ಪಲಿಗೆ ಬಂಗಾರದ ಬಣ್ಣ ಬಳಿಯುತ್ತಿದ್ದರು. ನಾನು ಶುರು ಮಾಡಿದೆ.

"ಆಂಟಿ, ಗೆದ್ದಾಯ್ತು ಅಂತೀರಿ. ಹಾಗಾದ್ರೆ ಇದು ಇನ್ನೂ ಯಾಕೆ ಕಣ್ಣು ಬಿಡ್ತಾ ಇದೆ? ಸತ್ತಿಲ್ವಲ್ಲ?"

"ಸತ್ತಿದ್ರೆ ಮೇಲೆ ಕಾಲು ಯಾಕೆ ಇಡ್ಬೇಕು? ನೀನು ಬಾಲ ಸರಿಯಾಗಿ ಬಳಿ ಮೋನೇ."

ಮೋನೇ ಎಂದರೆ ಅವರ ಮಲಯಾಳದಲ್ಲಿ ಮಗ. ಎದುರಾಳಿಯನ್ನು ಹಾಗೆ ಕರೆಯುವುದು ಯಾವ ಸ್ಪರ್ಧೆಯಲ್ಲೂ ನಿಯಮಬಾಹಿರ.

ಅವರ ಧರ್ಮಗ್ರಂಥದ ಕೊನೆಯ ಭಾಗವನ್ನು ನಾನು ಓದಿದ್ದೇನೆ, ತಪ್ಪು ಹುಡುಕಲೆಂದೇ. ಏಳು ತಲೆಯ ಘಟಸರ್ಪವಿದೆ, ಬೆಂಕಿಯ ಕೆರೆಯಿದೆ. ಇಷ್ಟೆಲ್ಲದರ ಎದುರು ಗೆದ್ದು ನಿಲ್ಲುವುದು ಯಾರು? ಒಂದು ಕುರಿಮರಿ, ಅದೂ ಕೊಯ್ದ ಗಾಯವಿರುವ ಕುರಿಮರಿ. ಈ ಪಕ್ಷ ವಹಿಸಿ ಮಾತಾಡು ಎಂದಿದ್ದರೆ ನಾನು ಚೀಟಿ ಬದಲಿಸಿಕೊಡಿ ಎನ್ನುತ್ತಿದ್ದೆ. ಆದರೆ ಕುತ್ತಿಗೆಯಲ್ಲಿ ಸೂಜಿಯ ಗುರುತು ಇಟ್ಟುಕೊಂಡು ಕುರಿಮರಿಯನ್ನು ಗೇಲಿ ಮಾಡಲು ಅವತ್ತು ನಾಲಿಗೆ ಹೊರಳಲಿಲ್ಲ.

ಕಣ್ಣಿಗೆ ಕೆಂಪು ಹಚ್ಚಿದೆ, ಹಲ್ಲಿಗೆ ಬಿಳಿ, ಬಾಯೊಳಗೆ ಕಪ್ಪು. ಎದ್ದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೇಲೆ ದೇವದೂತ ಮದುವೆಗೆ ಹೊರಟ ವರನ ಹಾಗೆ ಪಿಳಿಪಿಳಿ ನೋಡುತ್ತ ನಿಂತಿದ್ದ. ಕೆಳಗಿನದು ಜೀವಂತವಾಗಿ ನನ್ನನ್ನೇ ದಿಟ್ಟಿಸುತ್ತಿತ್ತು. ಎದುರು ಪಕ್ಷದ, ಅಂದರೆ ಘಟಸರ್ಪದ, ಭಾಷಣವನ್ನು ನಾನೇ ಬರೆದುಕೊಟ್ಟಿದ್ದೆ.

ಏಲಿಯಮ್ಮ ಅದನ್ನು ನೋಡಿದರು, ಆಮೇಲೆ ನನ್ನನ್ನು. "ಇದಕ್ಕೆ ಬಣ್ಣ ಹಚ್ಚಿದೋರು ಬೇಕಾದಷ್ಟು ಜನ. ಅದನ್ನ ನಿಜವಾಗಿ ಕಂಡು ಹಚ್ಚಿದೋನು ನೀನೊಬ್ಬನೇ. ಎಂತ ಆಯ್ತು ನಿಂಗೆ?"

ಗಂಟಿನ ವಿಷಯ ಹೇಳಿಬಿಟ್ಟೆ. "ಹೆದರಿಕೆ ಆಗ್ತದೆ ಆಂಟಿ."

"ಆಗ್ಲಿ. ಮಿಕಾಯೇಲನಿಗೂ ಇರ್ಬೇಕು. ಇಲ್ದಿದ್ರೆ ಇಷ್ಟೊತ್ತಿಗೆ ಕಾಲು ತೆಗೀತಿದ್ದ."

ಪಾದ್ರಿಗಳು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಕೊಪ್ಪದ ಆಸ್ಪತ್ರೆಯಿಂದ ಫೋನ್ ಬಂತು. ರಿಪೋರ್ಟ್ ಬಂದಿದೆಯಂತೆ. ಏನಿದೆ ಎಂದು ಕೇಳಿದೆ.

"ಡಾಕ್ಟ್ರೇ ಹೇಳ್ತಾರೆ. ಜೊತೆಗೆ ಯಾರಾದ್ರೂ ಬಂದ್ರೆ ಒಳ್ಳೇದು."

ಏಲಿಯಮ್ಮ ಸೀಮೆಎಣ್ಣೆಯ ಬಟ್ಟೆಯಲ್ಲಿ ಕೈಯ ಬಣ್ಣ ಒರೆಸಿಕೊಂಡು ಎದ್ದರು. "ನಡಿ, ಕೊಪ್ಪದ ಬಸ್ಸು ಬರೋ ಹೊತ್ತು."

ನಿಮಗೆ ಯಾಕೆ ತೊಂದರೆ, ಹಬ್ಬದ ಕೆಲಸ ಬಾಕಿಯಿದೆ, ನಿಮ್ಮ ಪ್ರಾರ್ಥನೆಯಲ್ಲಿ ನನಗೆ ನಂಬಿಕೆಯಿಲ್ಲ. ಮೂರು ಗಟ್ಟಿ ವಾದಗಳು ಸಿದ್ಧವಾಗಿದ್ದವು. ಒಂದನ್ನೂ ಆಡದೆ, ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವರಿಗೆ ಬಿಟ್ಟು ಪಕ್ಕದಲ್ಲಿ ಕೂತೆ.