ಮನೆ ಬದಲಿಸಿದ ಅಕ್ಷರಗಳು

ಕಮಲಮ್ಮ ಜಿಪುಣಿ. ಹಣದಲ್ಲಿ ಅಲ್ಲ, ಕೈಯಲ್ಲಿ ನಾಲ್ಕು ಕಾಸಿದ್ದಾಗ ಅವಳೂ ಎಲ್ಲರಂತೆ ಖರ್ಚು ಮಾಡುತ್ತಾಳೆ. ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದರಲ್ಲಿ ಮಾತ್ರ ಅವಳಷ್ಟು ಬಿಗಿ ಕೈಯವಳು ಚಾಮರಾಜಪೇಟೆಯ ಅಚ್ಚುಕೂಟಗಳಲ್ಲಿ ಇನ್ನೊಬ್ಬಳಿಲ್ಲ. ಮೂವತ್ತೊಂಬತ್ತು ವರ್ಷ ಒಂದೇ ಕಡೆ ದುಡಿದು ಒಬ್ಬರಿಗೂ ಏನನ್ನೂ ಕಲಿಸದೆ ಇರುವುದು ಸುಲಭದ ಕೆಲಸವಲ್ಲ. ಅವಳು ಅದನ್ನು ಶ್ರದ್ಧೆಯಿಂದ ಮಾಡಿದ್ದಾಳೆ.

ಕೇಳಿದವರಿಗೆ ಅವಳ ಉತ್ತರ ಒಂದೇ. "ನಂಗೆ ಯಾರು ಹೇಳ್ಕೊಟ್ರು? ನಾನು ಕದ್ದು ಕಲ್ತೆ. ಬೇಕಾದೋರು ಕದ್ಕೊಳ್ಳಿ."

ಮಾತು ಸುಳ್ಳಲ್ಲ. ಅವಳ ಅಪ್ಪ ಮುನಿರಾಮಪ್ಪ ಬಳೇಪೇಟೆಯಿಂದ ಕೈಗಾಡಿಯಲ್ಲಿ ಕಾಗದದ ರೀಮು ಹೇರಿ ತರುತ್ತಿದ್ದ. ಅವನಿಗೆ ಓದು ಬರಹ ಇರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಅವಳು ಗಂಗಾಧರಯ್ಯನವರ ಪ್ರೆಸ್ಸಿಗೆ ಕಸ ಗುಡಿಸಲು ಸೇರಿದಾಗ, ಫೋರ್‌ಮನ್ ವಾದಿರಾಜರು ಅವಳ ಮನೆ ಯಾವ ಕೇರಿಯಲ್ಲಿದೆ ಎಂದು ವಿಚಾರಿಸಿ, ಅಕ್ಷರ ಜೋಡಿಸುವ ಮರದ ಕೇಸುಗಳಿಂದ ಮೂರು ಅಡಿ ದೂರದಲ್ಲೇ ನಿಲ್ಲಬೇಕೆಂದು ಹೇಳಿದ್ದರು. ಅವಳು ಮೂರು ಅಡಿ ದೂರದಲ್ಲೇ ನಿಂತು, ಪೊರಕೆ ಹಿಡಿದುಕೊಂಡೇ, ಯಾವ ಅಕ್ಷರ ಯಾವ ಗೂಡಿನಲ್ಲಿದೆ ಎಂದು ಎಂಟು ತಿಂಗಳಲ್ಲಿ ಬಾಯಿಪಾಠ ಮಾಡಿದಳು. ಆ ಗೂಡುಗಳಿಗೆ ಪ್ರೆಸ್ಸಿನಲ್ಲಿ 'ಮನೆ' ಎನ್ನುತ್ತಿದ್ದರು. ವಾದಿರಾಜರು ಕಾಮಾಲೆಯಿಂದ ಮಲಗಿದ ವಾರ, ಕೈ ಸಾಲದೆ ಮದುವೆ ಪತ್ರಿಕೆಯೊಂದು ನಿಂತುಹೋಗುವ ಹಾಗಾದಾಗ, ಪೊರಕೆ ಕೆಳಗಿಟ್ಟು ಕೇಸಿನ ಮುಂದೆ ನಿಂತಳು. ಆಮೇಲೆ ಅವಳನ್ನು ಅಲ್ಲಿಂದ ಕದಲಿಸುವುದು ಯಾರಿಂದಲೂ ಆಗಲಿಲ್ಲ.

ಇಷ್ಟು ಕಷ್ಟಪಟ್ಟವಳಿಗೆ ಇನ್ನೊಬ್ಬರ ಕಷ್ಟ ಅರ್ಥವಾಗಬೇಕಿತ್ತು ಎಂದು ನಾವು ತಿಳಿಯುತ್ತೇವೆ. ಹಾಗಾಗುವುದು ಅಪರೂಪ. ತೊಂಬತ್ತೈದರಲ್ಲಿ ಸೀಸದ ಅಕ್ಷರಗಳನ್ನು ತೂಕಕ್ಕೆ ಹಾಕಿ ಕಂಪ್ಯೂಟರ್ ತಂದರು. ತರಬೇತಿಗೆ ಹೋದದ್ದು ಕಮಲಮ್ಮ ಒಬ್ಬಳೇ. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ಸುಬ್ಬಮ್ಮ, ಅದೇ ಕೇಸುಗಳ ಮುಂದೆ ಇಪ್ಪತ್ತು ವರ್ಷ ನಿಂತವಳು, ಊಟದ ಹೊತ್ತಿನಲ್ಲಿ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಬಂದು ಕುಳಿತಳು.

"ಸ್ವಲ್ಪ ತೋರ್ಸೇ ಕಮಲಾ. ಕೈ ಎಲ್ಲಿಡೋದು ಅಂತ, ಅಷ್ಟೇ."

"ಮಿಷಿನ್ನು ಬಿಸಿಯಾಗಿದೆ ಸುಬ್ಬಕ್ಕ," ಎಂದು ಕಮಲಮ್ಮ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿದಳು.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಸುಬ್ಬಮ್ಮ ಬರಲಿಲ್ಲ. ಕಾಟನ್‌ಪೇಟೆಯ ಬೈಂಡಿಂಗ್ ಅಂಗಡಿಯೊಂದರಲ್ಲಿ ಮೈದಾ ಅಂಟು ಹಚ್ಚುತ್ತ ಉಳಿದ ಕಾಲ ಕಳೆದಳು.

ಟವೆಲ್ ಮಾತ್ರ ಉಳಿಯಿತು. ಮೂತ್ರಕ್ಕೆ ಎದ್ದು ಹೋಗುವಾಗಲೂ ಕಮಲಮ್ಮ ಅದನ್ನು ಹೊದಿಸಿಯೇ ಹೋಗುತ್ತಿದ್ದಳು.

ಎರಡು ಸಾವಿರದ ಆರರಲ್ಲಿ, ಪಕ್ಕದ ಮೇಜಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ರಾಮಾನುಜ ಅವಳ ಫೈಲುಗಳನ್ನೆಲ್ಲ ಸಿ.ಡಿ.ಯಲ್ಲಿ ತುಂಬಿಕೊಂಡು ಹೋಗಿ ಬಳೇಪೇಟೆಯಲ್ಲಿ ಸ್ವಂತ ಅಂಗಡಿ ತೆರೆದ. ಕಮಲಮ್ಮ ಜಗಳಕ್ಕೆ ಹೋಗಲಿಲ್ಲ. ಸತತ ಆರು ಭಾನುವಾರ ಪ್ರೆಸ್ಸಿಗೆ ಬಂದು ಒಬ್ಬಳೇ ಕುಳಿತಳು. ಕಂಪ್ಯೂಟರಿನ ಹಳೆಯ ಫಾಂಟಿನಲ್ಲೂ ಪ್ರತಿಯೊಂದು ಅಕ್ಷರಕ್ಕೆ ನಾಲ್ಕಂಕಿಯ ಒಂದು ಮನೆ ಇರುತ್ತಿತ್ತು. ಅವಳು ಮೂವತ್ತನಾಲ್ಕು ಒತ್ತಕ್ಷರಗಳನ್ನು ಅವುಗಳ ಮನೆಗಳಿಂದ ಎಬ್ಬಿಸಿ ತನಗೆ ತೋಚಿದ ಬೇರೆ ಮನೆಗಳಲ್ಲಿ ಕೂರಿಸಿದಳು. ಹಳೆಯ ಫೈಲುಗಳನ್ನೂ ಹಾಗೆಯೇ ತಿದ್ದಿದಳು. ಅಂದಿನಿಂದ ಅವಳು ಜೋಡಿಸಿದ ಪುಟ ಅವಳ ಮಿಷಿನ್ನಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತಿತ್ತು. ಬೇರೆಲ್ಲಿ ತೆರೆದರೂ ಮದುಮಗಳ ಹೆಸರೇ ಸೊಟ್ಟಗಾಗುತ್ತಿತ್ತು. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂಬುದನ್ನು ಅವಳು ಎಲ್ಲಿಯೂ ಬರೆದಿಡಲಿಲ್ಲ. ಬರೆದಿಟ್ಟದ್ದು ಇನ್ನೊಬ್ಬರದಾಗುತ್ತದೆ ಎಂಬುದು ಅವಳ ನಂಬಿಕೆ.

ಈ ಪ್ರೆಸ್ಸು ಬದುಕಿರುವುದೇ ಹಳೆಯ ಪುಟಗಳ ಮೇಲೆ. ಗಿರಾಕಿಗಳು ಬಂದು, "ಹೋದ ಸಲದ ಹಾಗೇ ಇರ್ಲಿ, ಹೆಸ್ರು ತಾರೀಖು ಬದಲಾಯ್ಸಿ ಸಾಕು," ಎನ್ನುತ್ತಾರೆ. ಹೋದ ಸಲ ಎಂದರೆ ಹದಿನಾರು ವರ್ಷದ ಹಿಂದಿನ ದೊಡ್ಡ ಮಗಳ ಮದುವೆ. ಮದುವೆ, ಗೃಹಪ್ರವೇಶ, ಶಿವಗಣಾರಾಧನೆ, ಎಲ್ಲವೂ ಕಮಲಮ್ಮನ ಮಿಷಿನ್ನಿನಲ್ಲಿತ್ತು. ಆದ್ದರಿಂದ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗಲೆಲ್ಲ ಗಂಗಾಧರಯ್ಯನವರು ಅವಳನ್ನೇ ಕೇಳಬೇಕಾಗುತ್ತಿತ್ತು. ಮೂರು ಸಲ ಕೇಳಿದ್ದರು. ಮೂರು ಸಲವೂ ಅವಳು, "ಹಾಕ್ಸಿ ಸಾರ್, ಇರೋದೆಲ್ಲ ಹೋಗುತ್ತೆ," ಎಂದಿದ್ದಳು. ಅವರು ಆ ಯೋಚನೆ ಕೈಬಿಟ್ಟಿದ್ದರು.

ಈ ವರ್ಷ ಶ್ರಾವಣದಲ್ಲಿ ಮತ್ತೆ ಆ ಮಾತು ಬಂತು. ಅಚ್ಚಿನ ಪ್ಲೇಟು ಮಾಡಿಕೊಡುವವರು ಇಷ್ಟು ಹಳೆಯ ಮಿಷಿನ್ನಿನ ಫೈಲು ನಮ್ಮಲ್ಲಿ ತೆರೆಯುವುದಿಲ್ಲ ಎಂದು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಮಿಷಿನ್ನಿನ ಒಳಗಿನ ಡಿಸ್ಕು ಬೆಳಗಿನ ಹೊತ್ತು ಕಾಫಿಪುಡಿ ಬೀಸುವ ಸದ್ದು ಮಾಡುತ್ತಿತ್ತು.

"ಏನ್ ಕಮಲಮ್ಮ, ಹೊಸದು ಹಾಕ್ಸೋದಾ, ಬೇಡ್ವಾ?" ಗಂಗಾಧರಯ್ಯನವರು ಕೇಳಿದರು.

"ಇರೋದೆಲ್ಲ ಹೋಗುತ್ತೆ ಸಾರ್."

"ಹಾಕ್ಸದಿದ್ರೂ ಹೋಗುತ್ತಲ್ಲಮ್ಮ, ಕೇಳ್ಸಲ್ವ ಅದರ ಗೋಳು?"

ಆಯುಧಪೂಜೆಗೆ ಹೊಸ ಮಿಷಿನ್ನು, ಹೊಸ ಸಿಸ್ಟಮ್ಮು ಎಂದು ನಿಶ್ಚಯವಾಯಿತು. ಗಂಗಾಧರಯ್ಯನವರು ನಿರ್ದಯಿಯಲ್ಲ, ಧೈರ್ಯವಂತರೂ ಅಲ್ಲ. ನಡುವಿನ ಒಂದು ದಾರಿ ಹುಡುಕಿದರು. ಹಳೆಯದು ಮೂಲೆಯಲ್ಲಿ ಇರಲಿ. ಹಳೆಯ ಪುಟ ಬೇಕಾದಾಗ ತೆಗೆದುಕೊಡಲು ಕಮಲಮ್ಮ ಮಂಗಳವಾರ, ಶುಕ್ರವಾರ ಬರಲಿ. ಹಳೆಯದನ್ನೆಲ್ಲ ಹೊಸದಕ್ಕೆ ಸಾಗಿಸಿಯಾದ ಮೇಲೆ ಅದೂ ಬೇಡ.

"ಸಾಗ್ಸೋಕಾಗಲ್ಲ," ಎಂದಳು ಕಮಲಮ್ಮ. ವಾರಕ್ಕೆ ಎರಡು ದಿನದ ಬದುಕು ಆ ಮೂವತ್ತನಾಲ್ಕು ಮನೆಗಳ ಮೇಲೆ ನಿಂತಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು.

ಹೊಸದನ್ನು ನೋಡಿಕೊಳ್ಳಬೇಕಾದವಳು ಅಕ್ಷಯಾ, ಗಂಗಾಧರಯ್ಯನವರ ಅಣ್ಣನ ಮಗಳು. ಮೂವತ್ತೊಂದು ವರ್ಷ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಬಿಟ್ಟು ಎರಡು ವರ್ಷದಿಂದ ಪ್ರೆಸ್ಸಿನ ವಿನ್ಯಾಸದ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ತನ್ನ ಲ್ಯಾಪ್‌ಟಾಪನ್ನು ಕಮಲಮ್ಮನ ಮುಂದೆ ಇಟ್ಟಳು.

"ನೀವೇ ಟೈಪ್ ಮಾಡಿ ನೋಡಿ ಕಮಲಮ್ಮನೋರೇ. ಒತ್ತಕ್ಷರಕ್ಕೆ ನಂಬರ್ ಗಿಂಬರ್ ಏನೂ ಬೇಡ. ತಾನಾಗೇ ಸೇರ್ಕೊಳ್ಳುತ್ತೆ."

"ತಾನಾಗೇ ಅಂದ್ರೆ?"

"ತಾನಾಗೇ ಅಷ್ಟೇ. ನಮ್ಮತ್ತೆ ಫೋನಲ್ಲಿ ಮಾಡ್ತಾರೆ. ಬೇಕಿದ್ರೆ ನಾನು ಹೇಳ್ಕೊಡ್ತೀನಿ, ಒಂದು ವಾರ ಸಾಕು."

"ನಂಗೆ ಯಾರೂ ಹೇಳ್ಕೊಡೋದು ಬೇಡ," ಎಂದಳು ಕಮಲಮ್ಮ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಒಬ್ಬಳೇ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಮೂವತ್ತು ವರ್ಷ ಒಂದೇ ಹಾದಿಯಲ್ಲಿ ನಡೆದ ಬೆರಳುಗಳು ಹಳೆಯ ಜಾಗಕ್ಕೇ ಹೋದವು. ಪರದೆಯ ಮೇಲೆ ಅರ್ಥವಿಲ್ಲದ ಒಂದು ಸಾಲು ಮೂಡಿತು. ಅಳಿಸಿದಳು, ಮತ್ತೆ ಹೊಡೆದಳು, ಮತ್ತೆ ಅಳಿಸಿದಳು. ಮುಕ್ಕಾಲು ಗಂಟೆಯಲ್ಲಿ ಅಪ್ಪನ ಹೆಸರೊಂದು ಸರಿಯಾಗಿ ಬಂತು. ಅದರಲ್ಲಿದ್ದ ಒತ್ತಕ್ಷರ ಅಕ್ಷಯಾ ಹೇಳಿದಂತೆ ತಾನಾಗೇ ಸೇರಿಕೊಂಡಿತು. ಯಾರ ಅತ್ತೆಯಾದರೂ ಮಾಡಬಹುದಾದದ್ದನ್ನು ಇಷ್ಟು ವರ್ಷ ಟವೆಲ್ ಹೊದಿಸಿ ಕಾಯ್ದಿದ್ದೆ ಎಂದು ಆಗ ಅವಳಿಗೆ ಅನ್ನಿಸಿದ್ದರೆ, ಅವಳು ಅದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಮತ್ತೆ ಆ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಅಕ್ಷಯಾ ಬೇರೆ ದಾರಿ ಹಿಡಿದಳು. ಹಳೆಯ ಫಾಂಟನ್ನು ಹೊರಗೆ ತೆಗೆದು ನೋಡೋಣವೆಂದರೆ ಹಳೆಯ ತಂತ್ರಾಂಶದ ಬೀಗ ಬಿಡುತ್ತಿರಲಿಲ್ಲ. ಹಾಗಾಗಿ ಅಚ್ಚಾದ ಹಳೆಯ ಕಾರ್ಡೊಂದನ್ನು ಎಡಗಡೆ ಇಟ್ಟುಕೊಂಡು, ಅದೇ ಫೈಲು ತನ್ನ ಲ್ಯಾಪ್‌ಟಾಪಿನಲ್ಲಿ ಹೇಗೆ ಕೆಟ್ಟು ಕಾಣುತ್ತದೆ ಎಂದು ಹೋಲಿಸಿ, ಯಾವ ಅಕ್ಷರ ಎಲ್ಲಿಗೆ ಹೋಗಿದೆ ಎಂದು ಒಂದೊಂದೇ ಪತ್ತೆಮಾಡಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಸಂಶಯ ಬಂದಾಗ ಕಮಲಮ್ಮನ ಪಕ್ಕ ಬಂದು ಕುಳಿತು ಅವಳ ಬೆರಳುಗಳನ್ನು ನೋಡುತ್ತಿದ್ದಳು. ಕಮಲಮ್ಮ ಟವೆಲ್ ಎಳೆಯುತ್ತಿದ್ದಳು.

"ಮಿಷಿನ್ನು ಬಿಸಿನಾ?" ಎಂದು ಅಕ್ಷಯಾ ನಗುತ್ತಿದ್ದಳು. ಪ್ರೆಸ್ಸಿನಲ್ಲಿ ಸುಬ್ಬಮ್ಮನ ಕಥೆ ಎಲ್ಲರಿಗೂ ಗೊತ್ತಿತ್ತು.

"ಹೂಂ. ಸುಡುತ್ತೆ."

ನವರಾತ್ರಿ ಶುರುವಾಗುವ ಹೊತ್ತಿಗೆ ಅಕ್ಷಯಾಳ ಪಟ್ಟಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಉಳಿದ ಇಪ್ಪತ್ತಮೂರು ಎಂದಾದರೂ ಸಿಗುತ್ತವೆಯೋ ಇಲ್ಲವೋ, ಡಿಸ್ಕು ಅಲ್ಲಿಯವರೆಗೆ ಉಳಿಯುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಆಯುಧಪೂಜೆಯ ದಿನ ಹೊಸ ಮಿಷಿನ್ನು ಬಾಳೆಕಂದುಗಳ ನಡುವೆ ಕುಳಿತಿತ್ತು. ಹಳೆಯದನ್ನು ಮೂಲೆಗೆ ಸರಿಸಿದ್ದರು. ಅದಕ್ಕೂ ವಿಭೂತಿ ಬಳಿದು ಒಂದು ಸೇವಂತಿಗೆ ಏರಿಸಿದ್ದರು. ಕಟಿಂಗ್ ಮಿಷಿನ್ನಿನ ಅಲಗು, ಸ್ಕೇಲು, ಕತ್ತರಿ, ಕಮಲಮ್ಮ ಪ್ರೂಫ್ ತಿದ್ದುವ ಕೆಂಪು ಪೆನ್ನು, ಎಲ್ಲಕ್ಕೂ ಮಣೆಯ ಮೇಲೆ ಪೂಜೆಯಾಗಿತ್ತು. ಅಕ್ಷಯಾ ತನ್ನ ಆಯುಧವೆಂದು ಆ ಉದ್ದ ನೋಟ್‌ಬುಕ್ಕನ್ನೇ ತೆರೆದು ಇಟ್ಟಿದ್ದಳು. ಪೂಜೆಗಿಟ್ಟದ್ದನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಬೂದುಗುಂಬಳ ಒಡೆದ ಮೇಲೆ ಎಲ್ಲರೂ ಮಹಡಿಯ ಮೇಲೆ ಊಟಕ್ಕೆ ಹೋದರು.

"ನಾಳೆ ಮೊದಲ್ನೇದು ವಿಶ್ವಾರಾಧ್ಯರ ಮಗಳ ಮದುವೆ ಪತ್ರಿಕೆ," ಎಂದು ಅಕ್ಷಯಾ ಮೆಟ್ಟಿಲ ಮೇಲಿಂದಲೇ ಹೇಳಿದಳು. "ಹೋದ ಸಲದ್ದನ್ನೇ ಹೊಸದರಲ್ಲಿ ತರ್ತೀನಿ. ಅದಕ್ಕೆ ಈ ಹನ್ನೊಂದೇ ಸಾಕು, ಲೆಕ್ಕ ಹಾಕಿದೀನಿ. ನೀವು ಬನ್ನಿ ಊಟಕ್ಕೆ."

"ನಡಿ, ಬಂದೆ."

ಕಮಲಮ್ಮ ಬಗ್ಗಿ ನೋಟ್‌ಬುಕ್ ನೋಡಿದಳು. ಮುಟ್ಟಲಿಲ್ಲ. ಹನ್ನೊಂದು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿದಳು. ಎಂಟನೆಯದರವರೆಗೆ ಸರಿಯಾಗಿತ್ತು. ಒಂಬತ್ತನೆಯದು, ಹತ್ತನೆಯದು ಒಂದರ ಜಾಗದಲ್ಲಿ ಇನ್ನೊಂದು ಬಂದಿತ್ತು. ಹುಡುಗಿ ಮಸುಕಾದ ಕಾರ್ಡು ನೋಡಿ ಬರೆದಿರಬೇಕು.

ಸುಮ್ಮನಿದ್ದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಪತ್ರಿಕೆ ಅಚ್ಚಾಗುತ್ತದೆ, ವಿಶ್ವಾರಾಧ್ಯರ ಮನೆದೇವರ ಹೆಸರೇ ಕೆಟ್ಟಿರುತ್ತದೆ, ಅವರು ಕಟ್ಟು ತಂದು ಮೇಜಿನ ಮೇಲೆ ಎಸೆಯುತ್ತಾರೆ. ಗಂಗಾಧರಯ್ಯನವರು ಹೊಸದರ ಸಹವಾಸವೇ ಬೇಡ ಎನ್ನುತ್ತಾರೆ. ಅಕ್ಷಯಾ ಪಟ್ಟಿ ಹರಿದುಹಾಕುತ್ತಾಳೆ. ಡಿಸ್ಕು ಅರಚುವಷ್ಟು ದಿನ ವಾರಕ್ಕೆ ಎರಡು ದಿನವಲ್ಲ, ಆರು ದಿನವೂ ಅವಳು ಬೇಕಾಗುತ್ತಾಳೆ. ಅದಕ್ಕಾಗಿ ಅವಳು ಏನೂ ಮಾಡಬೇಕಾಗಿರಲಿಲ್ಲ.

ಬಾಗಿಲವರೆಗೆ ಹೋದಳು. ಒಂದು ಚಪ್ಪಲಿ ಮೆಟ್ಟಿದಳು. ಇನ್ನೊಂದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಮೆಟ್ಟಿದ್ದನ್ನೂ ಬಿಟ್ಟು ಒಳಕ್ಕೆ ಬಂದಳು. ಮಣೆಯ ಮೇಲಿನ ಕೆಂಪು ಪೆನ್ನು ತೆಗೆದು, ಅದರ ಕುಂಕುಮವನ್ನು ಸೆರಗಿಗೆ ಒರೆಸಿ, ನೋಟ್‌ಬುಕ್ಕಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಳು. ಪ್ರೂಫ್ ತಿದ್ದುವ ರೀತಿಯಲ್ಲೇ ಒಂಬತ್ತು, ಹತ್ತನೆಯ ಸಾಲುಗಳನ್ನು ಅದಲುಬದಲು ಮಾಡುವ ಒಂದು ಕೊಂಡಿ ಎಳೆದಳು.

ಗಂಗಾಧರಯ್ಯನವರು ಎಲೆಅಡಿಕೆಗೆಂದು ಕೆಳಗಿಳಿದವರು ಬಾಗಿಲಲ್ಲೇ ನಿಂತರು.

"ಏ ಕಮಲಮ್ಮ, ಪೂಜೆಗಿಟ್ಟಿದ್ದು ಕಣಮ್ಮ ಅದು! ಇವತ್ತು ಮುಟ್ಬಾರ್ದು ಅಂತ ನಿಂಗೆ ನಾನು ಹೇಳ್ಬೇಕಾ?"

"ತಪ್ಪಿತ್ತು," ಎಂದಳು ಕಮಲಮ್ಮ.

ತಲೆ ಎತ್ತಲಿಲ್ಲ. ಹನ್ನೊಂದನೆಯ ಸಾಲಿನ ಕೆಳಗೆ ಹನ್ನೆರಡು ಎಂದು ಬರೆದು, ಅದರ ಮುಂದೆ ಒಂದು ಒತ್ತಕ್ಷರವನ್ನೂ ನಾಲ್ಕು ಅಂಕಿಗಳನ್ನೂ ಬರೆದಳು. ಆಮೇಲೆ ಹದಿಮೂರು ಎಂದು ಬರೆದಳು.