ಘಾಟಿ ಇಳಿದ ಮೇಲಿನ ದಾರಿ

ನಮ್ಮಪ್ಪ ಮೂವತ್ತು ವರ್ಷ ಸರ್ಕಾರಿ ಜೀಪು ಓಡಿಸಿದರು. ಮೊದಲು ಚನ್ನಗಿರಿಯಲ್ಲಿ, ಆಮೇಲೆ ಜಗಳೂರಿನಲ್ಲಿ. ಸಾಹೇಬರನ್ನೂ ಸಾಹೇಬರ ಸಂಸಾರಗಳನ್ನೂ ಅವರು ಕರೆದೊಯ್ದ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ದೊಡ್ಡದು. ಅವರೇ ನೋಡಿದ ಸ್ಥಳಗಳ ಪಟ್ಟಿ ಮಾತ್ರ ಇರಲಿಲ್ಲ. ಡ್ರೈವರಾದವನು ಜೀಪು ಬಿಟ್ಟು ಕದಲಬಾರದು. ಜೋಗ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಸದ್ದು ಚೆನ್ನಾಗೈತೆ" ಅನ್ನುತ್ತಿದ್ದರು. ಒಮ್ಮೆ ಮಂಗಳೂರಿನವರೆಗೂ ಹೋಗಿದ್ದರು. ಅಲ್ಲಿ ಸಮುದ್ರ ಒಂದು ಗೋಡೆಯ ಆಚೆಗಿತ್ತಂತೆ. ಉಪ್ಪುಗಾಳಿ ಗೋಡೆ ಹಾರಿ ಬಂತು, ಸಮುದ್ರ ಬರಲಿಲ್ಲ.

ಎಂಬತ್ತರ ದಶಕದ ನಡುವೆ ನಿವೃತ್ತರಾಗಿ ಹೊನ್ನಾಳಿಗೆ ಬಂದ ಅಪ್ಪ, ಚನ್ನಗಿರಿಯ ಡಾಕ್ಟರೊಬ್ಬರು ಓಡಿಸಿ ಬೇಸತ್ತಿದ್ದ ಕಾರನ್ನು ಕೊಂಡು ತಂದು ಮನೆಮುಂದಿನ ಬೇವಿನ ಮರದಡಿ ನಿಲ್ಲಿಸಿದರು. ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, ಶಾಸನ ಹೊರಡಿಸುವವರ ಗತ್ತಿನಲ್ಲಿ ಅವ್ವನಿಗೆ ಹೇಳಿದರು:

"ಕೇರಳ ಪೂರ್ತಿ ದಾಟಿ ಕನ್ಯಾಕುಮಾರಿ ತನಕ. ನಾನೇ ಓಡ್ಸೋದು. ಹಿಂದಿನ ಸೀಟಿನಾಗೆ ಯಾವ ಸಾಹೇಬನೂ ಇರಂಗಿಲ್ಲ. ಸಮುದ್ರ ಸಿಕ್ಕ ತಕ್ಷಣ ಗಾಡಿ ನಿಲ್ಸಿ ಇಳಿಯೋದು, ನೋಡೋದು."

"ಗಾಡಿ ಯಾರು ಕಾಯ್ತಾರೆ ರೀ?"

"ಯಾರೂ ಕಾಯಂಗಿಲ್ಲ. ಅದಕ್ಕೇ ರಜಾ ಅಂತಾರೆ."

ನಾನಾಗ ನ್ಯಾಮತಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು; ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಪ್ರವಾಸ ಸಮಿತಿಗೆ ಅಪ್ಪ ಅಧ್ಯಕ್ಷರು, ನಾನು ಕಾರ್ಯದರ್ಶಿ, ಅವ್ವ ವಿರೋಧ ಪಕ್ಷ. ಕಾರ್ಯದರ್ಶಿಯ ಮೊದಲ ಕರ್ತವ್ಯವೆಂದು ನಾನು ದಾವಣಗೆರೆಯಿಂದ ಒಂದು ನಕಾಶೆ ತಂದೆ. ಅಧ್ಯಕ್ಷರು ಅದನ್ನು ಬಿಚ್ಚಿಯೂ ನೋಡಲಿಲ್ಲ. "ಇದ್ರಾಗೆ ಮೋರಿ ಎಲ್ಲೆಲ್ಲಿ ಬರ್ತಾವೆ ತೋರ್ಸು ನೋಡಾಣ" ಅಂದರು. ನಕಾಶೆ ಟ್ರಂಕು ಸೇರಿತು.

ಅಪ್ಪನಿಗೆ ಬೇಕಾಗಿದ್ದದ್ದು ದಾರಿಯನ್ನು ಕಂಡ ಮನುಷ್ಯ. ಅಂಥವನೊಬ್ಬ ಸಂತೇಬೆನ್ನೂರಿನಲ್ಲಿ ಸಿಕ್ಕಿದ. ಕೇರಳಕ್ಕೆ ಅಕ್ಕಿ ಮೂಟೆ ಒಯ್ಯುವ ಲಾರಿಯ ಡ್ರೈವರ್. ಭಾನುವಾರಗಳಲ್ಲಿ ಬಂದು ನಮ್ಮ ಜಗಲಿಯಲ್ಲಿ ಕೂತು ಹೇಳುತ್ತಿದ್ದ. ಅಪ್ಪನ ಬಳಿ ಉಳಿದಿದ್ದ ಒಂದು ಖಾಲಿ ಲಾಗ್ ಬುಕ್ಕಿನಲ್ಲಿ ನಾನು ಬರೆದುಕೊಳ್ಳುತ್ತಿದ್ದೆ.

"ಗುಂಡ್ಲುಪೇಟೆ ದಾಟಿದ ಮ್ಯಾಲೆ ಎಡಕ್ಕೊಂದು ಮುರುಕು ಮಂಟಪ ಬರ್ತೈತೆ."

"ಎಷ್ಟು ದೂರಕ್ಕೆ?" ಅಪ್ಪ ಕೇಳಿದರು.

"ಒಂದು ಬೀಡಿ ಸೇದಿ ಮುಗಿಸಾಷ್ಟು."

"ನಿನ್ನ ಬೀಡಿ ನಂಗ್ಯಾಕಪ್ಪ? ಮೀಟರ್ ನೋಡಿ ಹೇಳು. ಆಮೇಲೆ ತಿರುವು ಎಡಕ್ಕೋ ಬಲಕ್ಕೋ? ರಸ್ತೆ ಅಂಚಿಗೆ ಕಲ್ಲು ಐತೋ, ಬರೇ ಮಣ್ಣೋ?"

ಲಾರಿಯವನಿಗೆ ತಾಳ್ಮೆ ಕೆಟ್ಟಿತು. "ಅಲ್ರೀ ಯಜಮಾನ್ರೇ, ಕಣ್ಣು ಮುಚ್ಕಂಡು ಓಡಿಸ್ತೀರೇನು ಹೆಂಗೆ?"

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು. ನಕ್ಕು, "ಬರ್ಕೊಳ್ರೀ ಮೇಷ್ಟ್ರೇ" ಎಂದು ನನ್ನ ಕಡೆ ತಿರುಗಿದರು.

ಹೀಗೆ ನಾಲ್ಕು ಭಾನುವಾರಗಳಲ್ಲಿ ಶಿವಮೊಗ್ಗ, ಹಾಸನ, ಮೈಸೂರು ದಾಟಿ, ವಯನಾಡಿನ ಕಾಡು ದಾಟಿ, ಘಾಟಿಯ ಒಂಬತ್ತು ತಿರುವು ಇಳಿದೆವು. ಅಲ್ಲಿಗೆ ಲಾರಿಯವನು ನಿಂತ. ಘಾಟಿಯ ಬುಡದ ಊರಿನಲ್ಲಿ ಅವನು ಮೂಟೆ ಇಳಿಸಿ ವಾಪಸು ಬರುತ್ತಿದ್ದನಂತೆ.

"ಮತ್ತೆ ಸಮುದ್ರ?"

"ಇನ್ನೊಂದು ತಾಸಿನ ದಾರಿ ಅಂತಾರೆ. ನಾನು ನೋಡಿಲ್ಲ. ನಂಗ್ಯಾಕೆ ಅಷ್ಟು ನೀರು? ಮುಂದಿನ ಟ್ರಿಪ್ಪಿಗೆ ಕೇಳ್ಕಂಡು ಬರ್ತೀನಿ ಬಿಡ್ರಿ."

ಸಂಜೆ ಶಾಲೆಯಿಂದ ಬಂದ ಮೇಲೆ ಲಾಗ್ ಬುಕ್ ಓದುವುದು ನನ್ನ ಕೆಲಸ, ಬಾಯಿಪಾಠ ಮಾಡುವುದು ಅಪ್ಪನದು, ಪರೀಕ್ಷೆ ತೆಗೆದುಕೊಳ್ಳುವುದು ಅವ್ವನದು. "ನಾಕನೇ ತಿರುವು?" ಎಂದು ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿದರೆ, "ಬಲಕ್ಕೆ. ತಡೆಗೋಡೆ ಅರ್ಧ ಬಿದ್ದೈತೆ" ಎಂಬ ಉತ್ತರ ತಡವಿಲ್ಲದೆ ಬರುತ್ತಿತ್ತು. ನನ್ನ ಶಾಲೆಯ ಮಕ್ಕಳು ಮಗ್ಗಿಯನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರಲ್ಲ. ಹಳೆಯ ನೌಕರನ ಶಿಸ್ತು ಎಂದು ನಾನು ಹೆಮ್ಮೆಪಟ್ಟೆ. ಅವರು ಪೇಪರ್ ಓದುವುದನ್ನು ಬಿಟ್ಟಿದ್ದರು. ಸರ್ಕಾರದ ಸುದ್ದಿಯನ್ನೆಲ್ಲ ಹಿಂದಿನ ಸೀಟಿನಿಂದಲೇ ಮೂವತ್ತು ವರ್ಷ ಕೇಳಿದ್ದೇನೆ ಎಂದು ಕಾರಣ ಕೊಟ್ಟಿದ್ದರು. ಒಪ್ಪುವಂಥ ಕಾರಣ. ಒಪ್ಪಿದ್ದೆವು.

ಸಂಕ್ರಾಂತಿಗೆ ಮುಂಚಿನ ಭಾನುವಾರ ಬೆಳಿಗ್ಗೆ, ನ್ಯಾಮತಿಯವರೆಗೆ ಪರೀಕ್ಷಾರ್ಥ ಪ್ರಯಾಣವೆಂದು ತೀರ್ಮಾನವಾಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟೆವು. ಅವ್ವ ಮುಂದೆ, ನಾನು ಸಾಹೇಬರ ಜಾಗದಲ್ಲಿ. ಅಪ್ಪ ಮೋರಿ ಬರುವ ಮುಂಚೆ "ಮೋರಿ" ಅನ್ನುವರು, ಮೋರಿ ಬರುವುದು. "ಈಗ ಎಡಕ್ಕೆ ಹುಣಸೇಮರ" ಅನ್ನುವರು, ಹುಣಸೇಮರ ಹಾಜರು. ನಾನು ಹಿಂದೆ ಕೂತು ಚಪ್ಪಾಳೆ ತಟ್ಟಿದೆ. ಅದನ್ನು ನೆನೆದರೆ ಈಗಲೂ ಅಂಗೈ ಉರಿಯುತ್ತದೆ.

ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ಕಣಕ್ಕೆ ಒಯ್ಯದೆ ಡಾಂಬರು ರಸ್ತೆಗೇ ಹಾಸುವುದು ರೂಢಿ. ಬಸ್ಸು, ಲಾರಿಗಳು ಬಿಟ್ಟಿಯಾಗಿ ತುಳಿದು ಕಾಳು ಉದುರಿಸಿ ಕೊಡುತ್ತವೆ. ಹಾಸಿದವರು ಅಂಚಿಗೆ ಕಲ್ಲಿಟ್ಟಿರುತ್ತಾರೆ. ಗಾಡಿಯವನು ಹಾರನ್ ಮಾಡಿ ನಿಧಾನಿಸಬೇಕು, ಕಾಳು ಬಳಿಯುವವರು ಸರಿದು ನಿಲ್ಲಬೇಕು. ಅಪ್ಪ ಇದನ್ನು ಬಲ್ಲವರೇ. ಆದರೆ ಆ ಭಾನುವಾರದ ಹುರುಳಿ ಅವರ ಬಾಯಿಪಾಠದಲ್ಲಿ ಇರಲಿಲ್ಲ. ರಸ್ತೆಯ ಎಡ ಅಂಚಿನಲ್ಲಿ, ಬಳ್ಳಿಯ ನಡುವೆ, ಒಬ್ಬ ಮುದುಕಿ ನಮಗೆ ಬೆನ್ನು ಮಾಡಿ ಮೊರಕ್ಕೆ ಕಾಳು ತುಂಬುತ್ತ ಕೂತಿದ್ದಳು. ಅಪ್ಪ ಹಾರನ್ ಮಾಡಲಿಲ್ಲ. ನಿಧಾನಿಸಲೂ ಇಲ್ಲ.

"ರೀ, ಮುದುಕಿ!" ಎಂದು ಚೀರಿ ಅವ್ವ ಸ್ಟೇರಿಂಗಿಗೆ ಕೈ ಹಾಕಿ ಬಲಕ್ಕೆ ನೂಕಿದಳು. ಕಾರು ರಸ್ತೆಗೆ ಅಡ್ಡಲಾಗಿ ಹಾದು ಆಚೆ ಬದಿಯ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಮೊರ ಪುಡಿಯಾಗಿತ್ತು. ಮೊರದಿಂದ ಒಂದು ಗೇಣು ಆಚೆ ಮುದುಕಿ ಬದುಕಿದ್ದಳು. ಅವ್ವನ ಬಲ ಮಣಿಕಟ್ಟು ಮುರಿದು ಜೋತುಬಿದ್ದಿತ್ತು.

ಮುದುಕಿ ಎದ್ದು ಬಂದು ಕೂಗಿದಳು: "ಕಣ್ಣು ಕಾಣಂಗಿಲ್ಲೇನೋ ನಿಂಗೆ? ಹಾಳಾದೋನೇ!"

ಇದು ಯಾವ ಡ್ರೈವರಾದರೂ ವಾರಕ್ಕೊಮ್ಮೆ ಕೇಳುವ ಮಾತು. ಅಪ್ಪನ ಬಳಿ ಇದಕ್ಕೆ ಥರಾವರಿ ಉತ್ತರಗಳಿದ್ದವು. ಅವರು ಬಾಗಿಲು ಹಿಡಿದುಕೊಂಡು, ಕಾಲಿನಿಂದ ನೆಲ ತಡವಿ ಇಳಿದರು.

"ಇಲ್ಲವ್ವಾ, ಕಾಣಂಗಿಲ್ಲ" ಅಂದರು.

ಮುದುಕಿ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಅವರ ಮೊಣಕೈ ಹಿಡಿದು ಕರೆದೊಯ್ದು ಕಲ್ಲಿನ ಮೇಲೆ ಕೂರಿಸಿದಳು. "ಯಾವಾಗಿಂದಪ್ಪಾ?"

"ನಾಕು ವರ್ಷ ಆತು. ಮುಂದೆ ಒಂದು ತಟ್ಟೆ ಅಗಲ ಮಾತ್ರ ಕಾಣ್ತೈತೆ. ಸುತ್ತ ಕತ್ತಲೆ. ಆ ತಟ್ಟೆಯೊಳಗೆ ನೀನು ಬರಲಿಲ್ಲ ತಾಯೀ."

ಹೆಂಡತಿಗೂ ಮಗನಿಗೂ ಹೇಳದ್ದನ್ನು ಹುರುಳಿ ಬಳಿಯುವವಳಿಗೆ ಹೇಳಿದರು. ನಾಲ್ಕು ವರ್ಷವೆಂದರೆ, ಸೇವೆಯ ಕೊನೆಯ ಮೂರು ವರ್ಷ ಜಗಳೂರಿನ ಸಾಹೇಬರೆಲ್ಲ ಅಪ್ಪನ ನೆನಪಿನ ಮೇಲೆ ಸವಾರಿ ಮಾಡಿದ್ದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಅದೂ ಒಂದು ದಾಖಲೆಯೇ.

ದಾವಣಗೆರೆಯ ಕಣ್ಣಿನ ಡಾಕ್ಟರು, ನರ ಒಣಗಿದೆ, ಮೂರು ವರ್ಷ ಮುಂಚೆ ಬಂದಿದ್ದರೆ ಉಳಿದದ್ದನ್ನು ಉಳಿಸಬಹುದಿತ್ತು ಎಂದರು. ಅಪ್ಪ ಸಾಹೇಬರ ಎದುರು ನಿಂತವರಂತೆ ತಲೆಯಾಡಿಸಿದರು. ಮೂರು ವರ್ಷ ಮುಂಚೆ ಬಾಯಿ ಬಿಟ್ಟಿದ್ದರೆ ಸ್ಟೇರಿಂಗ್ ಕೈ ತಪ್ಪುತ್ತಿತ್ತು. ಆಗ ನಾನು ಅಪ್ಪನ ಸಂಬಳದ ಮೇಲೆ ಶಿವಮೊಗ್ಗದಲ್ಲಿ ಮೇಷ್ಟ್ರ ತರಬೇತಿಯಲ್ಲಿದ್ದೆ. ಈ ಎರಡು ಸಂಗತಿಗಳನ್ನು ಜೋಡಿಸಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ: "ರೈಲಿನಾಗೆ ಹೋಗಿ ನೋಡ್ಕಂಡು ಬರಾಣಪ್ಪಾ. ಈಗ್ಲೇ."

"ಸಮುದ್ರ ದೊಡ್ಡದಲ್ವೇನೋ, ತಟ್ಟೆಯಷ್ಟು ಕಂಡ್ರೂ ಸಾಕು ಅಂತಿದ್ದೆ" ಅಂದರು. ಆಮೇಲೆ, "ನಿಮ್ಮವ್ವನ ಕೈ ಕೂಡ್ಲಿ ತಡಿ."

ಕೈ ಕೂಡಿತು, ಸೊಟ್ಟಗೆ. ಅಷ್ಟರಲ್ಲಿ ತಟ್ಟೆ ಲೋಟದ ಬಾಯಿಯಷ್ಟಾಗಿತ್ತು. ಮಳೆಗಾಲಕ್ಕೆ ಅದೂ ಮುಚ್ಚಿತು. ಸಂತೇಬೆನ್ನೂರಿನವನು ಬೊಂಬಾಯಿ ಕಡೆಯ ಲೋಡು ಹಿಡಿದನಂತೆ, ಮತ್ತೆ ಬರಲಿಲ್ಲ.

ಕಾರನ್ನು ಮಾರಲಿಲ್ಲ. ಸಂಜೆಯಾದರೆ ಬೇವಿನ ಮರದಡಿ ಅಪ್ಪ ಅದರಲ್ಲಿ ಕೂರುತ್ತಿದ್ದರು, ಪಕ್ಕದಲ್ಲಿ ಅವ್ವ. ಮೋರಿ, ಮಂಟಪ, ಒಂದೊಂದೇ ತಿರುವು. ಒಂಬತ್ತನೆಯದು ಇಳಿದ ಮೇಲೆ ಮಾತು ನಿಲ್ಲುತ್ತಿತ್ತು. ಆಚೆಯ ದಾರಿ ನನ್ನ ಟ್ರಂಕಿನ ನಕಾಶೆಯಲ್ಲಿತ್ತು, ಒಂದು ಬೆರಳಗಲ. ನಾನು ಓದಿ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಒಂದು ಸಂಜೆ ಹಾಗೆ ಮಾತು ನಿಂತಾಗ ಅವ್ವ ಅಂದಳು: "ಇಳಿದು ನೋಡ್ಕಂಡು ಬರ್ರಿ. ಗಾಡಿ ನಾನು ಕಾಯ್ತೀನಿ."

ಅಪ್ಪ ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. ಇಳಿಯಲಿಲ್ಲ.

"ಸದ್ದು ಕೇಳಿಸ್ತೈತೇನೇ?"

ಅವ್ವ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

"ಇಲ್ಲ ರೀ" ಅಂದಳು.