ಮೈಕಿನ ಆ ತುದಿಯಲ್ಲಿ ಕೂತವಳು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಕ್ಲಿಪ್ಪಪ್ಪ. ಕಾರಿಗೆ ಹೊಸ ಟಚ್ ಸ್ಕ್ರೀನ್ ಕೂರಿಸಬೇಕಾದರೆ ಮೊದಲು ಡ್ಯಾಶ್‌ಬೋರ್ಡು ಬಿಚ್ಚಬೇಕಲ್ಲ, ಅದನ್ನು ಕಚ್ಚಿ ಹಿಡಿದಿರುವುದು ಉಗುರಿನಷ್ಟು ಪ್ಲಾಸ್ಟಿಕ್ ಕ್ಲಿಪ್ಪುಗಳು. ಬೇರೆಯವರು ಎಳೆದರೆ ಪಟಕ್ಕನೆ ಮುರಿಯುತ್ತವೆ, ಆಮೇಲೆ ಕಾರು ಹಳ್ಳಕ್ಕೆ ಇಳಿದಾಗಲೆಲ್ಲ ಕಟಕಟ, ಕಟಕಟ. ಇವನು ಬಿಚ್ಚಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬಿಚ್ಚಿದ ಕ್ಲಿಪ್ಪು ಸ್ಕ್ರೂಗಳನ್ನು ಎಲ್ಲೂ ಇಡುವವನಲ್ಲ, ತುಟಿಯ ನಡುವೆಯೇ ಸಿಕ್ಕಿಸಿಕೊಳ್ಳುತ್ತಿದ್ದ. ಹಾಗಾಗಿ ಹಗಲಿಡೀ ಅವನ ಮಾತು ಅರ್ಧ ಬಾಯೊಳಗೆ, ಅರ್ಧ ಹೊರಗೆ. ಅದಿರಲಿ. ಹೇಳಹೊರಟಿದ್ದು ಅವನ ಹೆಂಡತಿಯ ವಿಷಯ.

ಅವಳನ್ನು ಗಲ್ಲಿಯವರೆಲ್ಲ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಕೂಡ. ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಮನೆ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು ಹಾಕಿಕೊಂಡು ಕಾರಿನ ಸೀಟ್ ಕವರು ಹೊಲಿಯುತ್ತಿದ್ದಳು. ದಪ್ಪ ರೆಕ್ಸಿನ್ನು ಅದು, ಸೂಜಿ ಇಳಿಯುವುದೇ ಕಷ್ಟ. ಹೊಲಿದೂ ಹೊಲಿದೂ ಬೆರಳ ತುದಿ ಎಷ್ಟು ಗಟ್ಟಿಯಾಗಿತ್ತೆಂದರೆ, ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಇಲ್ಲದೆ ಇಳಿಸುತ್ತಿದ್ದಳು. ಮೆಷಿನ್ನಿನ ಪಕ್ಕದಲ್ಲೇ ಫೋನು. ಆ ಫೋನೇ ಅವಳ ಎರಡನೆಯ ಕೆಲಸ.

ಅದು ಹೀಗೆ. ಸ್ಕ್ರೀನ್ ಕೂರಿಸುವುದೆಂದರೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದಂತಲ್ಲ. ಹಳೆಯ ರೇಡಿಯೊ ಹೊರಗೆ ತೆಗೆಯಬೇಕು. ಹಿಂದಿನ ಕ್ಯಾಮೆರಾದ ತಂತಿಯನ್ನು ಕಾರ್ಪೆಟ್ಟಿನ ಅಡಿಯಲ್ಲಿ ಹಾವಿನ ಹಾಗೆ ನುಸುಳಿಸಿಕೊಂಡು ಡಿಕ್ಕಿಯ ತನಕ ಒಯ್ಯಬೇಕು, ರಿವರ್ಸ್ ಲೈಟಿನ ತಂತಿಗೆ ಅದನ್ನು ಸೇರಿಸಬೇಕು. ದಾರಿ ತೋರಿಸುವ ಮ್ಯಾಪಿನ ಆಂಟೆನಾ ಗಾಜಿನ ಹತ್ತಿರ, ಮಾತಾಡುವ ಮೈಕು ಗಾಜಿನ ಪಕ್ಕದ ಕಂಬದ ಮೇಲೆ. ಎಲ್ಲ ಮುಗಿದ ಮೇಲೆ ಕ್ಲಿಪ್ಪಪ್ಪ ತನ್ನ ಸ್ವಂತ ಫೋನನ್ನು ಬ್ಲೂಟೂತಿನಲ್ಲಿ ಆ ಕಾರಿಗೆ ಜೋಡಿಸಿ, ಗಾಜು ಏರಿಸಿಕೊಂಡು ಮನೆಗೆ ಫೋನು ಮಾಡುತ್ತಿದ್ದ.

"ಏ ಇವಳೇ, ಕೇಳ್ತಾ?"

"ಕೇಳ್ತು. ಆದ್ರೆ ಬಾವಿಯೊಳಗಿಂದ ಕೂಗಿದ ಹಾಗಿದೆ. ಮೈಕು ಸ್ವಲ್ಪ ಮೇಲಕ್ಕೆ ತಗೊಳ್ಳಿ."

"ಈಗ?"

"ಈಗ ಸರಿಹೋಯ್ತು. ಬಾಯಿಂದ ಆ ಸ್ಕ್ರೂ ತೆಗೀರಿ ಮೊದ್ಲು, ನುಂಗಿಬಿಟ್ಟೀರ!"

ಅವಳು ಸರಿ ಎನ್ನುವ ತನಕ ಅವನು ಯಾವ ಕಾರಿನ ಕೀಲಿಯನ್ನೂ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. "ನನ್ನದು ಕೈ, ಅವಳದು ಕಿವಿ" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ಕಾರಿನ ನೆನಪಿನಿಂದ ತನ್ನ ಫೋನನ್ನು ಅಳಿಸಿಹಾಕುತ್ತಿದ್ದ. ಅಳಿಸದಿದ್ದರೆ ಕಾರು ಹತ್ತಿರ ಬಂದಾಗೆಲ್ಲ ಇವನ ಫೋನಿನ ಮಾತನ್ನು ಅದೇ ಎಳೆದುಕೊಂಡುಬಿಡುತ್ತದೆ. "ಮಾಡಿದ ಕೆಲಸ ಉಳೀಬೇಕು, ನಮ್ಮ ಗುರುತು ಉಳೀಬಾರದು" ಎನ್ನುತ್ತಿದ್ದ.

ಬರುವ ಗಿರಾಕಿಗಳೋ, ಒಬ್ಬರಿಗಿಂತ ಒಬ್ಬರು. ಬಾಗಿಲಿಗೆ ಹಗ್ಗ ಕಟ್ಟಿದ ಕಾರಿಗೆ ತಟ್ಟೆಯಗಲದ ಸ್ಕ್ರೀನು ಕೇಳುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಒಬ್ಬ ಮುದುಕ ಸ್ಕ್ರೀನು ಹಾಕಿಸಿಕೊಂಡು ಹೋಗಿ ಸಂಜೆಗೇ ವಾಪಸು ಬಂದ. "ಹೆಂಡತಿ ಹೋದ ಮೇಲೆ ನೆಮ್ಮದಿಯಾಗಿದ್ದೆನಪ್ಪಾ. ಎಡಕ್ಕೆ ಹೋಗು ಬಲಕ್ಕೆ ಹೋಗು ಅನ್ನೋ ಇನ್ನೊಬ್ಬಳನ್ನ ತಂದು ಕೂರಿಸಿದೆಯಲ್ಲ!" ಇಂಥದ್ದನ್ನೆಲ್ಲ ಊಟಕ್ಕೆ ಬಂದಾಗ ಕ್ಲಿಪ್ಪಪ್ಪ ಹೇಳುವುದು, ಅಕ್ಕ ನಗುವುದು.

ನಗುತ್ತಲೇ ಅವಳು ಅವನ ಬೆನ್ನು ನೋಡುತ್ತಿದ್ದಳು. ಸ್ಟಿಯರಿಂಗಿನ ಕೆಳಗೆ ತಲೆ, ಸೀಟಿನ ಮೇಲೆ ಕಾಲು, ಬಾವಲಿಯ ಹಾಗೆ ತಲೆಕೆಳಗಾಗಿ ಮಲಗಿ ಮಾಡುವ ಕೆಲಸ. ಕೂತರೆ ಏಳಲಾರ, ಎದ್ದರೆ ಕೂರಲಾರ. ಇನ್ನು ಹೀಗೆ ಮಲಗಿದರೆ ಒಂದು ದಿನ ಕಾಲಿನ ಬಲವೇ ಹೋಗುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಅದೇ ಹೊತ್ತಿಗೆ ಮುಖ್ಯರಸ್ತೆಯ ದೊಡ್ಡ ಶೋರೂಮಿನ ಮ್ಯಾನೇಜರು ಕರೆ ಕಳಿಸಿದ್ದ. ಅಲ್ಲಿ ಕಾರನ್ನು ಎತ್ತುವ ಲಿಫ್ಟು ಇದೆ, ಮಲಗುವ ಕೆಲಸ ಬೇರೆಯವರದು. ಇವನು ನಿಂತು ಹೇಳಿಕೊಡಬೇಕು, ಕೊನೆಗೆ ಪರೀಕ್ಷಿಸಬೇಕು, ಅಷ್ಟೇ. ಶುಕ್ರವಾರ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಅಕ್ಕನ ಪ್ರಾಣವೆಲ್ಲ ಆ ಹೂಂನಲ್ಲಿತ್ತು. ಆದರೆ ಕ್ಲಿಪ್ಪಪ್ಪನ ಮನಸ್ಸು ಅಂಗಡಿಯ ಗೂಟಕ್ಕೆ ಕಟ್ಟಿಹಾಕಿದಂತಿತ್ತು. ಅಂಗಡಿಯ ಸಾಹುಕಾರರು, ಇವನಿಗೆ ಮೀಸೆ ಮೂಡುವ ಮೊದಲೇ ಕೆಲಸ ಕೊಟ್ಟವರು, "ನನ್ನ ನಂತರ ಈ ಅಂಗಡಿ ನಿಂದೇ ಕಣಪ್ಪಾ, ನೀನು ನನ್ನ ಮಗ ಇದ್ದ ಹಾಗೆ" ಎನ್ನುತ್ತಲೇ ಬಂದಿದ್ದರು. ಟೇಪ್ ರೆಕಾರ್ಡರ್ ಕಾಲದಲ್ಲೂ ಹಾಗೇ ಅಂದರು, ಸಿ.ಡಿ. ಬಂದಾಗಲೂ ಅಂದರು, ಟಚ್ ಸ್ಕ್ರೀನ್ ಬಂದ ಮೇಲೂ ಅನ್ನುತ್ತಿದ್ದರು.

"ಇದ್ದ ಹಾಗೆ ಅಂದ್ರೆ ಇಲ್ಲ ಅಂತ ಅರ್ಥ ರೀ," ಎಂದಿದ್ದಳು ಅಕ್ಕ.

"ನಿನ್ನ ಬಾಯಿಗೆ ಬೀಗ ಹಾಕೋರಿಲ್ಲ. ಅವರ ಋಣದಲ್ಲಿ ಬೆಳೆದ ಮೈ ಇದು."

"ಅದಕ್ಕೇ ಮೈ ಹೀಗಾಗಿರೋದು."

ಶುಕ್ರವಾರ ಬಂತು. ಸಾಹುಕಾರರ ಮಗಳ ಗಂಡ ಹೊಸ ಕಾರು ತೆಗೆದುಕೊಂಡಿದ್ದ. ಅದಕ್ಕೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸ್ಕ್ರೀನು. ಕ್ಲಿಪ್ಪಪ್ಪ ಬೆಳಗಿನಿಂದ ಕಾರಿನೊಳಗೇ ಇದ್ದ. ಅಳಿಯನಿಗೆ ಹಿಂದಕ್ಕೆ ಓಡಿಸಲು ಬರುವುದಿಲ್ಲ ಎಂದು ಗೊತ್ತಿದ್ದರಿಂದ, ರಿವರ್ಸ್ ಗೇರ್ ಹಾಕಿದ ಕೂಡಲೇ ಸ್ಕ್ರೀನಿನ ತುಂಬ ಹಿಂದಿನ ಚಿತ್ರವಷ್ಟೇ ಬರಬೇಕು, ಸ್ಪೀಕರಿನ ಸದ್ದೆಲ್ಲ ಅಡಗಬೇಕು, ಹಾಗೆ ಹೊಂದಿಸಿದ. ಮಧ್ಯಾಹ್ನದ ಊಟ ಮುಗಿಸಿ ಅಕ್ಕನಿಗೆ ಫೋನು ಮಾಡಿದ.

"ಕೇಳ್ತಾ?"

"ಗಾಜಿನ ಲೋಟಕ್ಕೆ ಚಮಚ ಬಡಿದ ಹಾಗೆ ಕೇಳ್ತಿದೆ ರೀ. ಇಷ್ಟು ಚೆಂದದ ಮೈಕು ಯಾರಿಗೂ ಹಾಕಿರಲಿಲ್ಲ ನೀವು."

ಫೋನು ಇಡುವ ಮೊದಲೇ ಸಾಹುಕಾರರು ಬಾಗಿಲು ತೆರೆದು ಅವನ ಹೆಗಲ ಮೇಲೆ ಕೈಯಿಟ್ಟರು. "ನಾಳೆ ಕೂತು ಅಂಗಡಿ ವಿಷಯ ಮಾತಾಡೋಣಪ್ಪಾ" ಎಂದರು, ಅದು ಅಕ್ಕನಿಗೂ ಕೇಳಿಸಿತು. ಅಷ್ಟು ಸಾಕಾಯಿತು ಅವನಿಗೆ, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಸಂಭ್ರಮದಲ್ಲಿ, ಎಂದೂ ಮರೆಯದವನು, ಕಾರಿನಿಂದ ತನ್ನ ಫೋನನ್ನು ಅಳಿಸುವುದನ್ನು ಮರೆತ.

ಅಂಗಡಿ ಬಾಗಿಲಿಗೆ ಬಂದು ಹೆಂಡತಿಗೆ ಮತ್ತೆ ಫೋನು ಹಚ್ಚಿದ, ಶೋರೂಮಿಗೆ ಉಹೂಂ ಅನ್ನುತ್ತೇನೆ ಎಂದು ಹೇಳಲು. ಅದೇ ಗಳಿಗೆಗೆ ಅಳಿಯ ಕಾರು ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದ, ಸಾಹುಕಾರರು ಪಕ್ಕದಲ್ಲಿ. ಸ್ಕ್ರೀನು ಎಚ್ಚರವಾಯಿತು, ಗುರುತಿನ ಫೋನನ್ನು ಕಂಡಿತು, ಅದರ ಮಾತನ್ನು ತನ್ನೊಳಗೆ ಎಳೆದುಕೊಂಡಿತು. ಕ್ಲಿಪ್ಪಪ್ಪನ ಕಿವಿಗೆ ಏನೂ ಕೇಳಲಿಲ್ಲ. "ಹಲೋ, ಹಲೋ... ಹಾಳು ಸಿಗ್ನಲ್ಲು" ಎಂದುಕೊಂಡ. ಅಷ್ಟರಲ್ಲಿ ಯಾರೋ ಗಿರಾಕಿ ಕರೆದರು, ಫೋನನ್ನು ಹಾಗೆಯೇ ಜೇಬಿಗೆ ತುರುಕಿ ಒಳಗೆ ಹೋದ.

ಮನೆಯಲ್ಲಿ ಅಕ್ಕ ಫೋನೆತ್ತಿ "ಹೇಳ್ರೀ" ಎಂದಳು. ಗಂಡನ ಬದಲು ಇಂಜಿನ್ನಿನ ಸದ್ದು. ಅದರ ಮೇಲೆ ಸಾಹುಕಾರರ ದನಿ, ಪಕ್ಕದಲ್ಲೇ ಕೂತಿದ್ದಾರೇನೋ ಎಂಬಂತೆ.

"ನಿಧಾನ, ನಿಧಾನ, ಗೋಡೆಗೆ ತಾಗುತ್ತೆ."

"ಅಲ್ಲ ಮಾವ, ಅಂಗಡಿ ಅವನಿಗೇ ಅಂತ ಬೀದಿ ತುಂಬ ಮಾತಿದೆಯಲ್ಲ?"

"ನಿನಗೆ ಹುಚ್ಚಾ? ಮೂಗಿಗೆ ತುಪ್ಪ ಸವರಿದೀನಿ, ಅಷ್ಟೇ. ವಾಸನೆ ಹಿಡ್ಕೊಂಡು ದುಡೀತಾನೆ. ಪತ್ರ ಎಲ್ಲ ನಿನ್ನ ಹೆಸರಿಗೆ ಆಗಿದೆ. ನಿಂಗೆ ಕೆಲಸ ಕೈಗೆ ಹತ್ತೋ ತನಕ ಇರ್ಲಿ. ಆಮೇಲೆ ಹೇಗೂ ಬೆನ್ನು ಹೋಗಿದೆ, ತಾನೇ ಬಿಟ್ಟುಹೋಗ್ತಾನೆ."

ಅಕ್ಕ ಮೆಷಿನ್ನು ನಿಲ್ಲಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಹಾಳಾದ ಅಳಿಯ, ಹಿಂದೆ ಮುಂದೆ ಹಿಂದೆ ಮುಂದೆ ಮಾಡುವ ಬದಲು ಬರೀ ಹಿಂದಕ್ಕೇ ಒತ್ತುತ್ತಿದ್ದ. ಸ್ಕ್ರೀನಿನ ತುಂಬ ಗೋಡೆಯೇ ಕಾಣುತ್ತಿದ್ದಿರಬೇಕು, ಫೋನಿನ ಸುಳಿವೇ ಇಲ್ಲ. ಕೊನೆಗೂ ಮುಂದಿನ ಗೇರ್ ಬಿತ್ತು. ಅಡಗಿದ್ದ ಸ್ಪೀಕರು ಬಾಯಿಬಿಟ್ಟಿತು. ಅಕ್ಕನ ದನಿ ಕಾರಿನ ನಾಲ್ಕೂ ಬಾಗಿಲಿನಿಂದ ಹೊರಟಿತು.

"ಸಾಹುಕಾರ್ರೇ, ತುಪ್ಪ ಸವರಿದ ಕೈ ತೊಳ್ಕೊಂಡ್ರಾ?"

"ಯಾ... ಯಾರದು? ಎಲ್ಲಿಂದ?"

"ನಿಮ್ಮ ಅಳಿಯಂದಿರ ಮೈಕು ಪರೀಕ್ಷೆ ಮಾಡೋಳು. ತುಂಬ ಚೆನ್ನಾಗಿದೆ ಮೈಕು. ನಾಳೆ ಕೂತು ಏನು ಮಾತಾಡ್ತೀರೋ, ಇವತ್ತೇ ಮಾತಾಡಿದ್ರಲ್ಲ, ಪುಣ್ಯ ಬಂತು."

ಕಾರು ಗಲ್ಲಿ ದಾಟಿತು, ಫೋನು ಕಟ್ಟಾಯಿತು.

ಅವಳು ಬಾಗಿಲಿಗೆ ಚಿಲಕವನ್ನೂ ಹಾಕದೆ ಅಂಗಡಿಗೆ ಬಂದಳು. ಮನಸ್ಸಿನಲ್ಲಿ ದುಃಖಕ್ಕಿಂತ ಅವಸರ ಹೆಚ್ಚು. ಸಂಜೆಗೆ ಇನ್ನೂ ಹೊತ್ತಿದೆ, ಶೋರೂಮಿಗೆ ಹೂಂ ಅನ್ನಬಹುದು, ಕೆಟ್ಟದ್ದರಲ್ಲೂ ಒಳ್ಳೆಯದಾಯಿತು ಎಂದೇ ಅಂದುಕೊಂಡು ಬಂದಳು. ಕ್ಲಿಪ್ಪಪ್ಪನನ್ನು ಪಕ್ಕಕ್ಕೆ ಕರೆದು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ಅವನ ಕೈ ಜೇಬಿಗೆ ಹೋಯಿತು. ಫೋನು ತೆಗೆದು ನೋಡಿದ.

"ಅಯ್ಯಯ್ಯೋ, ಅಳಿಸೋದು ಮರೆತುಬಿಟ್ಟಿದೀನಲ್ಲೇ!"

"ನಾನು ಹೇಳಿದ್ದು ಅದಾ?"

"ಅವರ ಮನೆ ಮಾತನ್ನ ನಾವು ಕದ್ದು ಕೇಳಿದ ಹಾಗಾಯ್ತು. ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ನನ್ನ ಕೆಲಸಕ್ಕೆ ಬೆರಳು ತೋರಿಸಿದ್ರಾ?"

"ರೀ, ಅಂಗಡಿ ಅಳಿಯನಿಗೆ ಹೋಗಿದೆ. ಪತ್ರ ಆಗಿದೆ. ಬೆನ್ನು ಮುರಿದ ಮೇಲೆ ನೀವೇ ಹೋಗ್ತೀರಂತೆ."

ಅವನು ಅವಳ ಕಣ್ಣು ತಪ್ಪಿಸಿದ. "ರಿವರ್ಸ್‌ನಲ್ಲಿ ಇಂಜಿನ್ ಗಲಾಟೆ ಇರುತ್ತೆ. ನಿಂಗೆ ಸರಿಯಾಗಿ ಕೇಳಿಸಿರಲ್ಲ."

ಈ ಮಾತು ಅಕ್ಕನಿಗೆ ಎಲ್ಲಿ ತಾಗಿತೋ, ಅಲ್ಲಿ ಸಾಹುಕಾರರ ಮಾತೂ ತಾಗಿರಲಿಲ್ಲ. ಸ್ಕ್ರೂ ಕಚ್ಚಿದ ಬಾಯಿಯ ಮಾತನ್ನು ಅಕ್ಷರ ಬಿಡದೆ ತಿಳಿದುಕೊಂಡ ಕಿವಿ ಅದು. ಊರವರ ಕಾರಿಗೆಲ್ಲ ಸಾಕ್ಷಿಯಾದ ಕಿವಿ ಸ್ವಂತ ಮನೆಯ ವಿಷಯಕ್ಕೆ ಬಂದಾಗ ಅವನ ಪಾಲಿಗೆ ಕಿವುಡಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಅಷ್ಟರಲ್ಲಿ ಸಾಹುಕಾರರು ಒಬ್ಬರೇ ನಡೆದುಕೊಂಡು ವಾಪಸು ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತು ನಕ್ಕರು.

"ಏನಮ್ಮಾ, ಹೆದರಿಸಿಬಿಟ್ಟೆಯಲ್ಲ. ಅಳಿಯನ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋಕೆ ಹಾಗೆ ಅಂದೆ. ಆಸೆಬುರುಕನೋ ಅಲ್ಲವೋ ಗೊತ್ತಾಗಬೇಡ್ವಾ?"

"ಗೊತ್ತಾಯ್ತಾ?" ಎಂದಳು ಅಕ್ಕ.

"ಏ, ಸುಮ್ನಿರೇ!" ಎಂದ ಕ್ಲಿಪ್ಪಪ್ಪ. ಸಾಹುಕಾರರ ಸುಳ್ಳು ಅವನಿಗೆ ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿ, ಎರಡೂ ಕೈಯಲ್ಲಿ ಹಿಡಿದುಕೊಂಡ. "ತಪ್ಪಾಯ್ತು ಸಾಹುಕಾರ್ರೇ. ಫೋನು ಅಳಿಸದೇ ಇದ್ದದ್ದು ನನ್ನ ತಪ್ಪು. ಇವಳದ್ದು ಹೊಟ್ಟೆಗೆ ಹಾಕ್ಕೊಳ್ಳಿ. ಮನೇಲಿ ಕೂತಿರೋಳು, ಹೊರಗಿನ ವ್ಯವಹಾರ ಏನು ತಿಳಿಯುತ್ತೆ?"

"ಛೆ ಛೆ, ನನ್ನ ಮಗನ ಹೆಂಡತಿ ಇದ್ದ ಹಾಗಲ್ವಾ," ಎಂದರು ಸಾಹುಕಾರರು. "ಅಂದ ಹಾಗೆ, ಶೋರೂಮಿನವನಿಗೆ ಏನು ಹೇಳ್ದೆ?"

ಕ್ಲಿಪ್ಪಪ್ಪ ಅವಳೆದುರಿಗೇ, ಅವರೆದುರಿಗೇ ಫೋನು ಹಚ್ಚಿದ. ಈ ಸಲ ಸಿಗ್ನಲ್ಲಿಗೆ ಯಾವ ರೋಗವೂ ಇರಲಿಲ್ಲ. "ಇಲ್ಲ ಸಾರ್, ಇಲ್ಲೇ ಜವಾಬ್ದಾರಿ ಜಾಸ್ತಿ ಆಗ್ತಿದೆ, ಬೇರೆಯವರನ್ನ ನೋಡ್ಕೊಳ್ಳಿ" ಎಂದ. ಆಚೆಯವನು ಎರಡನೇ ಸಲ ಕೇಳಿದ. ಇವನು ಎರಡನೇ ಸಲವೂ ಇಲ್ಲ ಎಂದ. ಅಕ್ಕ ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಸಾಹುಕಾರರ ಮುಂದೆ ನೆಟ್ಟಗೆ ನಿಲ್ಲಲು ಹೋಗಿ ಅವನು ಒಂದು ಕೈಯಿಂದ ಮೇಜು ಹಿಡಿದುಕೊಂಡಿದ್ದ.

ಆಮೇಲೆ ಆಗಬೇಕಾದದ್ದು ಆಯಿತು. ಅಂಗಡಿಯ ಮಾತಿಗೆ ಅವರು ಹೇಳಿದ ಆ "ನಾಳೆ" ಬರಲೇ ಇಲ್ಲ, ಬಂದದ್ದು ಅಳಿಯ. ಕೆಲಸ ಕಲಿಸು ಎಂದರು. ಕ್ಲಿಪ್ಪಪ್ಪ ಕಲಿಸಿದ, ಬಚ್ಚಿಡದೆ, ಮಗನಿಗೆ ಕಲಿಸುವ ಹಾಗೆ. ಅಳಿಯನ ಕೈಯಲ್ಲಿ ಕ್ಲಿಪ್ಪುಗಳು ಪಟಪಟನೆ ಮುರಿದವು. ಮುರಿದದ್ದನ್ನೆಲ್ಲ ಇವನೇ ತಲೆಕೆಳಗಾಗಿ ಮಲಗಿ ಸರಿಮಾಡಿದ. ಮನೆಯಲ್ಲಿ ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಅಕ್ಕ ಜಗಳವನ್ನೇ ಆಡಲಿಲ್ಲ. ಆಡಿದ್ದರೆ ಮುಗಿಯುತ್ತಿತ್ತೇನೋ.

ಚಳಿ ಕಳೆದ ಮೇಲೆ ಒಂದು ದಿನ ಸಂಜೆ ಅವನು ಎಂದಿಗಿಂತ ಬೇಗ ಮನೆಗೆ ಬಂದ. ಅಂಗಿಯ ತೋಳಿನ ಮೇಲೆ ಕೆಂಪು ಬಣ್ಣದ ಹನಿಗಳು. ಅಕ್ಕ ಬೆಚ್ಚಿಬಿದ್ದು ಮೆಷಿನ್ನು ನಿಲ್ಲಿಸಿದಳು.

"ರಕ್ತ ಅಲ್ಲ ಕಣೇ, ಪೇಂಟು," ಎಂದ. "ಅಂಗಡಿಗೆ ಹೊಸ ಬೋರ್ಡು ಬರೆಸಿದ್ರು. ಪೇಂಟರಿಗೆ ಏಣಿ ಹಿಡಿಯೋರು ಯಾರೂ ಇರಲಿಲ್ಲ. ನಾನೇ ಹಿಡ್ಕೊಂಡಿದ್ದೆ."

ಬೋರ್ಡಿನಲ್ಲಿ ಯಾರ ಹೆಸರು ಎಂದು ಅಕ್ಕ ಕೇಳಲಿಲ್ಲ. ಅವನು ಗೋಡೆಗೆ ಆತು ಮೆಲ್ಲಗೆ, ಒಂದೊಂದೇ ಮೂಳೆ ಇಳಿಸುವವನ ಹಾಗೆ ಕೂತ.

"ಅಕ್ಷರ ಮಾತ್ರ ಚೆನ್ನಾಗಿ ಬಂದಿದೆ," ಎಂದ. "ದೂರದಿಂದಲೂ ಕಾಣುತ್ತೆ."

"ಅಂಗಿ ಬಿಚ್ಚಿ ಕೊಡಿ," ಎಂದಳು ಅಕ್ಕ. "ಒಣಗಿದ್ರೆ ಕಲೆ ಹೋಗಲ್ಲ."